ಸಣ್ಣ ಹಿಮದೂರನ್ನು ಮುಚ್ಚಿ ಎನ್ನುವವರಿಗೆ

ಆಲ್ಪ್ಸ್ ಪರ್ವತದ ಸಣ್ಣ ಸಣ್ಣ ಸ್ಕೀಯಿಂಗ್ ಊರುಗಳನ್ನು ಇನ್ನು ಮುಚ್ಚಿಬಿಡಬೇಕು ಎಂಬ ಮಾತು ಓದಿದವರ ಬಾಯಲ್ಲಿ ಈಗ ಬಹಳ ಸಲೀಸಾಗಿ ಬರುತ್ತದೆ. ಹಿಮ ಬೀಳುವುದಿಲ್ಲ, ಲಾಭ ಇಲ್ಲ, ಸರ್ಕಾರದ ದುಡ್ಡು ಸುಮ್ಮನೆ ಪೋಲಾಗುತ್ತದೆ, ದೊಡ್ಡ ಕಂಪೆನಿಯವರ ನಾಲ್ಕು ದೊಡ್ಡ ಊರು ಉಳಿದರೆ ಸಾಕು ಎಂದು ಅವರ ವಾದ. ನಮ್ಮ ವಾಚನಾಲಯದ ಜಗಲಿಯಲ್ಲೂ ಈ ಮಾತು ಬಂತು. ಯುರೋಪ್ ಟೂರ್ ಮುಗಿಸಿ ಬಂದ ನಮ್ಮವರೊಬ್ಬರು, "ಟಿಟ್ಲಿಸ್ ನೋಡಿದ ಮೇಲೆ ಉಳಿದ ಗುಡ್ಡೆಗಳಲ್ಲಿ ಎಂತ ಉಂಟು ಮಾರಾಯ್ರೆ, ಅವು ಇದ್ದರೂ ಒಂದೇ ಹೋದರೂ ಒಂದೇ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಆ ಮಾತಿನ ಮೇಲೆ ಉಂಟು.

ಟಿಟ್ಲಿಸ್‌ನಲ್ಲಿ ಅವರು ಕಂಡದ್ದೇನು? ರೋಪ್‌ವೇಯಲ್ಲಿ ಮೂರು ಸಾವಿರ ಮೀಟರ್ ಎತ್ತರಕ್ಕೆ ಹೋಗುವುದು, ಹಿಮ ಮುಟ್ಟುವುದು, ಶಾರುಖ್ ಖಾನ್ ಮತ್ತು ಕಾಜೋಲ್ ಕಟೌಟಿನ ಪಕ್ಕದಲ್ಲಿ ನಿಂತು ಫೋಟೋ ತೆಗೆಯುವುದು, ಬಸ್ಸು ಹೊರಡುವ ಮೊದಲು ಇಳಿಯುವುದು. ತಪ್ಪೇನಿಲ್ಲ. ಆದರೆ ಅಷ್ಟನ್ನು ನೋಡಿ ಸ್ಕೀ ಊರುಗಳ ಬಗ್ಗೆ ತೀರ್ಪು ಕೊಡುವುದೆಂದರೆ, ರೈಲ್ವೇ ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ಚಾ ಕುಡಿದು ಕಾಸರಗೋಡಿನ ಊಟದ ರುಚಿ ಹೇಳಿದ ಹಾಗೆ.

ನಾನು ಹೇಳುವ ಊರು ಮಾಲ್ಬುನ್. ಸ್ವಿಟ್ಜರ್‌ಲ್ಯಾಂಡ್ ಮತ್ತು ಆಸ್ಟ್ರಿಯಾಗಳ ನಡುವೆ ಲೀಖ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶ ಉಂಟು. ವಿಸ್ತೀರ್ಣ 160 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 40,000. ಅಲ್ಲಿಯ ಒಂದೇ ಸ್ಕೀ ಊರು ಇದು. ಎತ್ತರ 1,600 ಮೀಟರ್, ಅದರ ಮೇಲಿನ ಇಳಿಜಾರುಗಳು ಹೆಚ್ಚೆಂದರೆ 2,000 ಮೀಟರಿನವರೆಗೆ ಹೋಗುತ್ತವೆ. ಕೆಲವೇ ಚೇರ್ ಲಿಫ್ಟುಗಳು, ಎಲ್ಲ ಇಳಿಜಾರು ಸೇರಿಸಿದರೂ ಇಪ್ಪತ್ತಮೂರು ಕಿಲೋಮೀಟರ್. ದೊಡ್ಡ ಊರುಗಳಲ್ಲಿ ಇದು ಇನ್ನೂರು, ಮುನ್ನೂರು ಕಿಲೋಮೀಟರ್ ಇರುತ್ತದೆ. ಮಗಳ ಸಂಸಾರದ ಜೊತೆ ನಾನು ಅಲ್ಲಿ ಐದು ದಿನ ಇದ್ದೆ. ರಾಜಧಾನಿ ವಾಡುಜ್‌ನಿಂದ 21ನೇ ನಂಬರಿನ ಬಸ್ಸಿನಲ್ಲಿ ಹೋದದ್ದು. ಸ್ಕೀ ಹಲಗೆಗಳನ್ನು ನಮ್ಮವರು ಕೊಡೆ ಹಿಡಿದ ಹಾಗೆ ಹಿಡಿದುಕೊಂಡು ಶಾಲೆ ಮಕ್ಕಳು ಬಸ್ಸು ಹತ್ತುತ್ತಾರೆ.

ನಾನು ಸ್ಕೀ ಮಾಡಿದವನಲ್ಲ. ಈ ಪ್ರಾಯದಲ್ಲಿ ಮೊಣಗಂಟು ಮುರಿದುಕೊಳ್ಳುವ ಮನಸ್ಸೂ ಇರಲಿಲ್ಲ. ಕೆಳಗೆ ಬೆಂಚಿನಲ್ಲಿ ಕೂತು ನೋಡಿದ್ದು. ಆದರೆ ಕೂತಲ್ಲಿಂದಲೇ ಎಲ್ಲ ಕಾಣುತ್ತದಲ್ಲ, ಅದೇ ಸಣ್ಣ ಊರಿನ ಗುಣ. ಆರು ವರ್ಷದ ಮೊಮ್ಮಗಳು ಮೊದಲನೇ ದಿನ ಚಲಿಸುವ ರಬ್ಬರ್ ಚಾಪೆಯ ಮೇಲೆ ನಿಂತು ಹತ್ತಾಳು ಎತ್ತರ ಹೋಗಿ ಇಳಿದಳು. ಹಲಗೆಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಇಟ್ಟರೆ ವೇಗ ತಗ್ಗುತ್ತದೆ. ಮಕ್ಕಳಿಗೆ ಅದನ್ನು "ಪಿಜ್ಜಾ ಮಾಡು" ಎಂದು ಹೇಳಿಕೊಡುತ್ತಾರೆ, ಪಿಜ್ಜಾ ತುಂಡಿನ ಆಕಾರ ಬರುವುದರಿಂದ. ಎರಡನ್ನೂ ಸಮವಾಗಿ ನೇರ ಇಟ್ಟರೆ ಆಲೂಗಡ್ಡೆ ಚಿಪ್ಸು. ನಾನು ಮೂವತ್ತು ವರ್ಷ ಪಾಠ ಮಾಡಿದವನು, ಇಷ್ಟು ಚಂದದ ಪಾಠೋಪಕರಣ ಕಂಡದ್ದು ಕಡಿಮೆ. ಬಿದ್ದ ಮಗುವನ್ನು ಮೇಷ್ಟ್ರು ಎತ್ತುವುದಿಲ್ಲ, ಹೇಗೆ ಏಳಬೇಕು ಎಂದು ತೋರಿಸಿ ಕಾಯುತ್ತಾರೆ. ಮೂರನೇ ದಿನ ನೀಲಿ ಗುರುತಿನ ಇಳಿಜಾರು. ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ನಾಲ್ಕನೇ ದಿನ ಅವಳು ಒಬ್ಬಳೇ ಚೇರ್ ಲಿಫ್ಟಿನ ಕ್ಯೂನಲ್ಲಿ ನಿಂತಿದ್ದಳು, ಅವಳ ಅಮ್ಮ ದೂರದಲ್ಲಿ ಸೂಪು ಕುಡಿಯುತ್ತಾ ಕೂತಿದ್ದಳು. ಮುನ್ನೂರು ಕಿಲೋಮೀಟರಿನ ಊರಿನಲ್ಲಿ ಆರು ವರ್ಷದ ಮಗುವನ್ನು ಹೀಗೆ ಬಿಡಲಿಕ್ಕೆ ಯಾವ ತಾಯಿಗೆ ಧೈರ್ಯ ಬರುತ್ತದೆ?

ಈಗ ಲೆಕ್ಕದವರ ಮಾತಿಗೆ ಬರುತ್ತೇನೆ. ಸಣ್ಣ ಊರಿನ ಲಿಫ್ಟುಗಳು ಸ್ವಂತ ಟಿಕೆಟ್ ದುಡ್ಡಿನಲ್ಲಿ ಬದುಕುವುದು ಕಷ್ಟ. ಸಾರ್ವಜನಿಕ ಹಣದ ಆಸರೆ ಬೇಕಾಗುತ್ತದೆ, ಅದು ನಿಜ. ಹಾಗಾದರೆ ಪ್ರಾಥಮಿಕ ಶಾಲೆ ಲಾಭ ಮಾಡುತ್ತದೆಯೇ? ಸ್ಕೀ ಕಲಿಯುವ ಮಗು ಮೊದಲ ದಿನವೇ ಜೆರ್ಮಾಟ್‌ಗೆ ಹೋಗುವುದಿಲ್ಲ, ಮನೆ ಹತ್ತಿರದ ಗುಡ್ಡೆಯಲ್ಲಿ ಕಲಿತು ಆಮೇಲೆ ಅಲ್ಲಿಗೆ ಹೋಗುತ್ತದೆ. ಕಲಿಸುವ ಖರ್ಚು ಸಣ್ಣ ಊರಿನ ಪುಸ್ತಕದಲ್ಲಿ ನಷ್ಟ, ಕಲಿತವರ ಟಿಕೆಟ್ ದೊಡ್ಡ ಊರಿನ ಪುಸ್ತಕದಲ್ಲಿ ಲಾಭ. ಎರಡು ಪುಸ್ತಕ ಒಟ್ಟಿಗೆ ಇಟ್ಟು ನೋಡದೆ ಒಂದನ್ನು ಸುಡಬೇಕು ಎನ್ನುವವರು ಯಾವ ಸೀಮೆಯ ಲೆಕ್ಕಿಗರು? ಅಮೆರಿಕದ ವೇಲ್ ಕಂಪೆನಿ 2022ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಆಂಡರ್‌ಮಾಟ್ ಲಿಫ್ಟುಗಳ ದೊಡ್ಡ ಪಾಲನ್ನು ಕೊಂಡಿತು, ಆಮೇಲೆ ಕ್ರಾನ್ಸ್-ಮೊಂಟಾನಾದ್ದನ್ನೂ. ಅಂಥವರು ಚಾಪೆ ಲಿಫ್ಟಿನ ಹಳ್ಳಿಯನ್ನು ಕೊಳ್ಳಲಿಕ್ಕೆ ಬರುತ್ತಾರೆಂದು ನನಗೆ ನಂಬಿಕೆ ಇಲ್ಲ.

ಲೀಖ್ಟೆನ್‌ಸ್ಟೈನ್ 2018ರ ವರೆಗೆ ಒಲಿಂಪಿಕ್ಸಿನಲ್ಲಿ ಗೆದ್ದದ್ದು 10 ಪದಕ, ಹತ್ತೂ ಸ್ಕೀಯಿಂಗಿನಲ್ಲೇ. 1980ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಹಾನಿ ವೆಂಜೆಲ್ ಎಂಬಾಕೆ ಎರಡು ಚಿನ್ನ, ಒಂದು ಬೆಳ್ಳಿ ತಂದಳು. ಅವಳ ತಮ್ಮ ಆಂಡ್ರಿಯಾಸ್ ಅದೇ ಕೂಟದಲ್ಲಿ ಬೆಳ್ಳಿ ಗೆದ್ದ. ಅವಳ ಮಗಳು ಟೀನಾ ವೈರಾಥರ್ 2018ರಲ್ಲಿ ಕಂಚು ತಂದಳು. ನಮ್ಮ ಒಂದು ತಾಲೂಕಿಗಿಂತ ಕಡಿಮೆ ಜನ ಇರುವ ದೇಶ ಅದು. ಮಕ್ಕಳು ಬಸ್ಸಿನಲ್ಲಿ ಹೋಗಿ ಕಲಿಯುವ ಗುಡ್ಡೆ ಇಲ್ಲದಿದ್ದರೆ ಇದು ಆಗುತ್ತಿತ್ತೇ?

ಟೀಚರುಗಳಿಗೆ ಇಷ್ಟವಾಗುವ ಇನ್ನೊಂದು ಸಂಗತಿ. ಪಕ್ಕದ ಸ್ವಿಟ್ಜರ್‌ಲ್ಯಾಂಡಿನಲ್ಲಿ ಶಾಲೆಯವರೇ ಮಕ್ಕಳನ್ನು ಒಂದು ವಾರ ಸ್ಕೀ ಶಿಬಿರಕ್ಕೆ ಕರೆದುಕೊಂಡು ಹೋಗುವ ಹಳೇ ಪದ್ಧತಿ ಉಂಟು. 2017ರ ಡಿಸೆಂಬರಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು: ಶಿಬಿರ ಕಡ್ಡಾಯವಾದರೆ ತಂದೆತಾಯಿಯಿಂದ ಊಟದ ಖರ್ಚು ಮಾತ್ರ ತೆಗೆದುಕೊಳ್ಳಬಹುದು, ದಿನಕ್ಕೆ ಹೆಚ್ಚೆಂದರೆ 16 ಫ್ರಾಂಕ್. ಕಡ್ಡಾಯ ಶಿಕ್ಷಣ ಉಚಿತ ಎಂದ ಮೇಲೆ ಶಿಬಿರವೂ ಉಚಿತವೇ ಎಂಬ ನ್ಯಾಯ. ತೀರ್ಪು ಸರಿ. ಆದರೆ ಶಾಲೆಯವರು ಆ ಕಡಿಮೆ ದುಡ್ಡಿನಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ದೊಡ್ಡ ಊರಿಗಂತೂ ಅಲ್ಲ. ಸಣ್ಣದನ್ನು ಮುಚ್ಚಿದರೆ ಬಡವರ ಮಕ್ಕಳಿಗೆ ಕೋರ್ಟು ಕೊಟ್ಟದ್ದನ್ನು ಲೆಕ್ಕದವರು ಹಿಂದಕ್ಕೆ ತೆಗೆದುಕೊಂಡ ಹಾಗೆ ಆಗುತ್ತದೆ.

ಹಿಮದ ಪ್ರಶ್ನೆಯನ್ನು ನಾನು ತಪ್ಪಿಸಿಕೊಳ್ಳುವುದಿಲ್ಲ, ಎದುರಿನವರ ವಾದದಲ್ಲಿ ಗಟ್ಟಿಯಾದದ್ದು ಅದೊಂದೇ. ಆಲ್ಪ್ಸ್ ಜಗತ್ತಿನ ಸರಾಸರಿಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ಬಿಸಿಯಾಗುತ್ತಿದೆ. ಒಇಸಿಡಿ ಸಂಸ್ಥೆ 2007ರಲ್ಲಿ ಆಲ್ಪ್ಸಿನ 666 ಸ್ಕೀ ಜಾಗಗಳ ಲೆಕ್ಕ ತೆಗೆದಿತ್ತು. ಆಗ 609 ಕಡೆ ಹಿಮದ ಭರವಸೆ ಇತ್ತು. ಒಂದು ಡಿಗ್ರಿ ಏರಿದರೆ 500, ಎರಡು ಡಿಗ್ರಿಗೆ 404, ನಾಲ್ಕಾದರೆ 202. ಮೊದಲು ಹೋಗುವುದು ತಗ್ಗಿನ ಸಣ್ಣ ಊರುಗಳೇ. ಹಿಮ ಹಾರಿಸುವ ಯಂತ್ರಕ್ಕೂ ಚಳಿ ಬೇಕು, ನೀರು ಬೇಕು, ಕರೆಂಟು ಬೇಕು. 2020ರ ಫೆಬ್ರವರಿಯಲ್ಲಿ ಫ್ರಾನ್ಸಿನ ಪಿರನೀಸ್ ಬೆಟ್ಟದಲ್ಲಿ ಹೆಲಿಕಾಪ್ಟರಿನಿಂದ ಹಿಮ ತಂದು ಸುರಿದರು. ಅದು ಶುದ್ಧ ಹುಚ್ಚು. ಹಿಮವೇ ಇಲ್ಲದ ಕಡೆ ಲಿಫ್ಟು ಉಳಿಸಿ ಎಂದು ನಾನು ಹೇಳುತ್ತಿಲ್ಲ. ಫ್ರಾನ್ಸಿನ ಸೇನ್-ಲೇಜಾಲ್ಪ್ ಎಂಬ ಊರಿನವರು 2024ರಲ್ಲಿ ತಮ್ಮ ಗ್ರಾಂ ಪ್ಯುಯಿ ಲಿಫ್ಟುಗಳನ್ನು ನಿಲ್ಲಿಸಬೇಕೋ ಬೇಡವೋ ಎಂದು ಮತ ಹಾಕಿದರು. ಹೆಚ್ಚಿನವರು ನಿಲ್ಲಿಸಿ ಎಂದರು. ಆ ತೀರ್ಮಾನಕ್ಕೆ ನಾನು ಕೈ ಮುಗಿಯುತ್ತೇನೆ, ಏಕೆಂದರೆ ಅದು ಅವರ ಗುಡ್ಡೆ, ಅವರ ತೆರಿಗೆ, ಅವರ ಮಕ್ಕಳು. ಮಾಲ್ಬುನ್‌ನಲ್ಲಿ ಇನ್ನೂ ಹಿಮ ಬೀಳುತ್ತದೆ, ನಾನೇ ಅದರಲ್ಲಿ ಮೊಣಕಾಲಿನವರೆಗೆ ಹೂತಿದ್ದೆ. ಅದು ನಿಲ್ಲುವ ದಿನ ಬಂದರೆ ಅಲ್ಲಿಯವರು ಕೂತು ಮಾತಾಡಲಿ. ದೂರದ ಕಚೇರಿಯಲ್ಲಿ ಕೂತವರು ಹತ್ತು ವರ್ಷ ಮೊದಲೇ ಬೀಗ ಹಾಕುವುದು ಯಾಕೆ?

ಆ ಗುಡ್ಡೆಯ ಜನ ಯಾರೆಂದೂ ಹೇಳಬೇಕು. ಮಾಲ್ಬುನ್ ಸೇರಿದ್ದು ಟ್ರೀಸನ್‌ಬೆರ್ಗ್ ಪಂಚಾಯತಿಗೆ. ಅಲ್ಲಿಯವರು ವಾಲ್ಸರ್ ಎಂಬ ಜನ. ಸುಮಾರು 1300ರ ಹೊತ್ತಿಗೆ ಸ್ವಿಟ್ಜರ್‌ಲ್ಯಾಂಡಿನ ವಾಲಿಸ್ ಸೀಮೆಯಿಂದ ಬಂದು ಮೇಲಿನ ಇಳಿಜಾರುಗಳಲ್ಲಿ ದನ ಸಾಕಿ ನೆಲೆ ನಿಂತವರು. ಕೆಳಗಿನ ಬಯಲಿನವರ ಮಾತು ಬೇರೆ, ಇವರ ಮಾತು ಬೇರೆ. ಏಳು ನೂರು ವರ್ಷವಾದರೂ ಮನೆಯಲ್ಲಿ ಅದನ್ನೇ ಆಡುತ್ತಾರೆ. ಗಡಿಯಲ್ಲಿ ಹುಟ್ಟಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾತು ಉಳಿಯಬೇಕಾದರೆ ಆಡುವವರು ಊರಲ್ಲಿ ಉಳಿಯಬೇಕು, ಅವರು ಉಳಿಯಬೇಕಾದರೆ ಚಳಿಗಾಲದಲ್ಲೂ ಕೆಲಸ ಬೇಕು. ಲಿಫ್ಟು ನಡೆಸುವವನು, ಹಲಗೆ ಬಾಡಿಗೆಗೆ ಕೊಡುವವಳು, ಸೂಪು ಬಡಿಸುವ ಅಜ್ಜಿ, ಪಿಜ್ಜಾ ಪಾಠದ ಮೇಷ್ಟ್ರು, ಇವರೆಲ್ಲ ನಷ್ಟದ ಪಟ್ಟಿಯಲ್ಲಿ ಸಂಬಳ ಎಂಬ ಒಂದು ಸಾಲು ಮಾತ್ರ.

ನಮ್ಮ ಜಿಲ್ಲೆಯ ಎಷ್ಟು ಕನ್ನಡ ಶಾಲೆಗಳ ಮೇಲೆ "ಅನ್‌ಎಕನಾಮಿಕ್" ಎಂಬ ಚೀಟಿ ಬಿದ್ದಿದೆ ಎಂದು ಇದನ್ನು ಓದುವ ಮಾಸ್ಟ್ರುಗಳಿಗೆ ನನಗಿಂತ ಚೆನ್ನಾಗಿ ಗೊತ್ತುಂಟು. ಅದೇ ಪದ, ಅದೇ ಬಗೆಯ ಕಾಗದ. ಜಗಲಿಯಲ್ಲಿ ನನ್ನ ಜೊತೆ ವಾದಿಸಿದವರ ಮಗಳೂ ಅಂಥ ಒಂದು ಶಾಲೆಯಲ್ಲೇ ಅಕ್ಷರ ಕಲಿತದ್ದು.

ಅವರು ಕೊನೆಗೆ ಕೇಳಿದ್ದು ಖರ್ಚಿನ ಬಗ್ಗೆ. ಮಾಲ್ಬುನ್ ಅಗ್ಗದ ಊರಲ್ಲ, ಆ ಸೀಮೆಯಲ್ಲಿ ಯಾವುದೂ ಅಗ್ಗವಲ್ಲ. ಅಡುಗೆಮನೆ ಇರುವ ಬಾಡಿಗೆ ಕೋಣೆ ಹಿಡಿದರೆ ಗಂಜಿ ಬೇಯಿಸಿಕೊಳ್ಳಬಹುದು, ನಾವು ಹಾಗೇ ಮಾಡಿದ್ದು. ಬೂಟು, ಹಲಗೆ, ಹೆಲ್ಮೆಟ್ ಎಲ್ಲ ಬಾಡಿಗೆಗೆ ಸಿಗುತ್ತದೆ. ಉಪ್ಪಿನಕಾಯಿ ಮಾತ್ರ ಇಲ್ಲಿಂದಲೇ ಕಟ್ಟಿಕೊಂಡು ಹೋಗಬೇಕು.