ಮುಂದಿನ ನಿಲ್ದಾಣ, ಶ್ರೀರಾಂಪುರ

ನಮ್ಮ ಏರಿಯಾದ ಹೆಸರನ್ನ ನಮ್ಮ ಏರಿಯಾದವರೇ ಸರಿಯಾಗಿ ಹೇಳಲ್ಲ. ಆಟೋದವರ ಬಾಯಲ್ಲಿ ಅದು ‘ಸೀರಾಂಪುರ’, ಹೂ ಮಾರೋ ಅಕ್ಕನಿಗೆ ‘ಸ್ರೀರಾಂಪುರಂ’. ನಾನೂ ಇಪ್ಪತ್ತಾರು ವರ್ಷ ಹಾಗೇ ಹೇಳಿಕೊಂಡು ಬಂದವನು. ಹೆಸರಿನ ಮೊದಲಿಗೆ ಒಂದು ‘ಶ್ರೀ’ ಇದೆ, ಅದು ಶಂಖದ ಶ, ಸಕ್ಕರೆಯ ಸ ಅಲ್ಲ ಅಂತ ನನ್ನ ಕಿವಿಗೆ ಬಿದ್ದಿದ್ದು ಮೆಟ್ರೋ ರೈಲಿನಲ್ಲಿ. ಹೇಳಿದವರು ಅಪರ್ಣಾ.

ನೀವು ಹಸಿರು ಮಾರ್ಗದಲ್ಲಿ ಓಡಾಡುವವರಾದರೆ ನಿಮಗೆ ಗೊತ್ತು. ಮೆಜೆಸ್ಟಿಕ್ ಬಿಟ್ಟ ಮೇಲೆ ರೈಲು ಸುರಂಗದಿಂದ ಬೆಳಕಿಗೆ ಬರುತ್ತೆ, ಸತ್ತುಹೋಗಿದ್ದ ನೆಟ್‌ವರ್ಕ್ ವಾಪಸ್ ಬರುತ್ತೆ, ಎಲ್ಲರ ತಲೆ ಫೋನಿನೊಳಗೆ ಬಗ್ಗುತ್ತೆ. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ದಾಟಿದ ಕೂಡಲೇ ಆ ದನಿ: ಮುಂದಿನ ನಿಲ್ದಾಣ, ಶ್ರೀರಾಂಪುರ. ಅವಸರ ಇಲ್ಲ, ಮುದ್ದು ಮಾಡುವ ನಾಟಕೀಯತೆನೂ ಇಲ್ಲ. ಮನೆಗೆ ಬಂದ ನೆಂಟರನ್ನ ಒಳಗೆ ಕರೆಯೋ ಹಾಗೆ ನಮ್ಮ ಊರಿನ ಹೆಸರು ಕರೀತಿದ್ದರು. ನಮ್ಮದನ್ನ ಯಾರೂ ಹಾಗೆ ಕರೆದಿದ್ದು ನಾನು ಕೇಳಿರಲಿಲ್ಲ. ಪಕ್ಕದ ಮಲ್ಲೇಶ್ವರಕ್ಕೆ ಸಿಗೋ ಮರ್ಯಾದೆ ನಮಗೆ ಯಾವತ್ತೂ ಸಿಕ್ಕಿಲ್ಲ ಬಿಡಿ. ‘ಎಲ್ಲಿ ಮನೆ?’ ಅಂದವರಿಗೆ ‘ಮಲ್ಲೇಶ್ವರದ ಹತ್ತಿರ’ ಅನ್ನೋ ಉತ್ತರವನ್ನ ನಾನು ಕಾಲೇಜಿನುದ್ದಕ್ಕೂ ಕೊಟ್ಟಿದ್ದೀನಿ.

ನಮ್ಮ ತಾತ ರಾಜಾ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ಅದಿದ್ದ ಜಾಗದಲ್ಲಿ ಈಗ ಮಂತ್ರಿ ಮಾಲ್ ಇದೆ. ನಮ್ಮ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತು ಬೆಳೆದವು. ಹಾಗಾಗಿ ನನ್ನ ಕನ್ನಡಕ್ಕೆ ಹಕಾರ ಅಂದ್ರೆ ಯಾವಾಗ ಬರುತ್ತೋ ಯಾವಾಗ ಹೋಗುತ್ತೋ ಹೇಳೋಕಾಗದ ಕಾರ್ಪೊರೇಷನ್ ನೀರಿದ್ದ ಹಾಗೆ.

ಇದು ದೊಡ್ಡ ವಿಷಯ ಅಂತ ನನಗೆ ಅನ್ನಿಸಿರಲೇ ಇಲ್ಲ, 2018ರ ನವೆಂಬರ್ ತನಕ. ಆಫೀಸಲ್ಲಿ ರಾಜ್ಯೋತ್ಸವ. ಟೀಮಿನಲ್ಲಿ ಕನ್ನಡ ಓದೋಕೆ ಬರೋರು ನಾಲ್ಕು ಜನ, ಅದರಲ್ಲಿ ಮೂವರು ರಜೆ. ನಿರೂಪಣೆ ನನ್ನ ತಲೆಗೆ ಬಂತು. ಮೈಕ್ ಹಿಡಿದು ಮೊದಲ ವಾಕ್ಯದಲ್ಲೇ ‘ಎಲ್ಲರಿಗೂ ಆರ್ದಿಕ ಸ್ವಾಗತ’ ಅಂದೆ. ಹಿಂದಿನ ಸಾಲಿನಲ್ಲಿ ಕಿಸಕ್ಕಂತ ನಗು. ಗಾಬರಿಗೆ ಮುಂದಿನ ವಾಕ್ಯದಲ್ಲಿ ಬೇಡದ ಕಡೆ ಹಕಾರ ಬಂದು, ಅಧ್ಯಕ್ಷರು ‘ಹಧ್ಯಕ್ಷರು’ ಆದರು. ಆಮೇಲೆ ಕಾಫಿ ಹೊತ್ತಲ್ಲಿ ಒಬ್ಬರು ಪ್ರೀತಿಯಿಂದಲೇ ಕೇಳಿದರು, “ಯಾವ ಏರಿಯಾ ನಿಮ್ದು?” ಹೇಳಿದೆ. “ಓ, ಅದಕ್ಕೇ!” ಅಂದರು. ಆ ‘ಅದಕ್ಕೇ’ ಅನ್ನೋದು ಬನಶಂಕರಿಯಿಂದ ಮನೆವರೆಗೂ ನನ್ನ ಜೊತೆ ಬಂತು.

ಅವತ್ತು ನಾನು ಶ್ರೀರಾಂಪುರದಲ್ಲಿ ಇಳಿಯಲಿಲ್ಲ. ಬೇಜಾರಿಗೆ ಸುಮ್ಮನೆ ಕೂತೇ ಇದ್ದೆ. ರೈಲು ಹೊರಟಿತು, ದನಿ ಬಂತು: ಮುಂದಿನ ನಿಲ್ದಾಣ, ಮಹಾಕವಿ ಕುವೆಂಪು ರಸ್ತೆ. ಆ ‘ಹಾ’ ಎಷ್ಟು ಸಲೀಸಾಗಿ ಬಂತು ಅಂದ್ರೆ, ನಾನೂ ಬಾಯೊಳಗೇ ಹೇಳಿಕೊಂಡೆ. ಮುಂದೆ ರಾಜಾಜಿನಗರ, ಆಮೇಲೆ ಮಹಾಲಕ್ಷ್ಮಿ. ಇನ್ನೊಂದು ‘ಹಾ’. ಅಲ್ಲಿ ಇಳಿದು ವಾಪಸ್ ರೈಲು ಹಿಡಿದೆ. ಮುಂದೆ ಎಷ್ಟೋ ಸಂಜೆ ಹೀಗೇ ನಡೀತು. ಹೆಡ್‌ಫೋನ್ ಹಾಕಿಕೊಂಡು ಹಾಡು ಕೇಳುವವನ ಹಾಗೆ ನಟಿಸುತ್ತಾ, ಸದ್ದಿಲ್ಲದ ಹೆಡ್‌ಫೋನಿನ ಕೆಳಗೆ ಹಕಾರ ಕಲಿಯುತ್ತಿದ್ದೆ. ಪಕ್ಕದಲ್ಲಿದ್ದವರು ಏನಂದುಕೊಂಡರೋ.

ಅಮ್ಮನಿಗೆ ಅಪರ್ಣಾ ನನಗಿಂತ ಹಳೇ ಪರಿಚಯ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲೀತಾಳೆ. ತೊಂಬತ್ತರ ದಶಕದಲ್ಲಿ ಮಿಷನ್ ಎದುರಿಗೆ ದೂರದರ್ಶನ ಓಡ್ತಾ ಇರೋದು, ಅದರಲ್ಲಿ ಸೀರೆ ಉಟ್ಟು ನಗುನಗುತ್ತಾ ಕಾರ್ಯಕ್ರಮ ನಡೆಸಿಕೊಡೋ ಅಪರ್ಣಾ. ಸಿನಿಮಾದಿಂದ ಬಂದವರು ಅವರು. ಪುಟ್ಟಣ್ಣ ಕಣಗಾಲ್ ಅವರ ಕೊನೆಯ ಚಿತ್ರ ‘ಮಸಣದ ಹೂವು’ ಅವರ ಮೊದಲ ಚಿತ್ರ. ಅಂಬರೀಷ್, ಜಯಂತಿ ಎದುರು ಹದಿಹರೆಯ ದಾಟುತ್ತಿದ್ದ ಹುಡುಗಿ. ಚಿತ್ರ ಮುಗಿಯೋದರೊಳಗೆ, 1985ರಲ್ಲಿ ಪುಟ್ಟಣ್ಣ ತೀರಿಕೊಂಡರು, ಕೆ.ಎಸ್.ಎಲ್. ಸ್ವಾಮಿ ಅದನ್ನ ಪೂರ್ತಿ ಮಾಡಿದರು. ಅಂಥ ಆರಂಭ ಸಿಕ್ಕವರು ನಾಯಕಿಯಾಗಿ ಮೆರೆಯೋ ದಾರಿ ಹಿಡೀಬಹುದಿತ್ತು. ಕೆಲವು ಚಿತ್ರ ಮಾಡಿದರು, ಆದರೆ ನಿಂತಿದ್ದು ಮೈಕ್ ಹತ್ತಿರ. 1993ರಲ್ಲಿ ಆಕಾಶವಾಣಿ, ಜೊತೆಗೆ ಚಂದನ ವಾಹಿನಿ, ಮಧ್ಯೆ ‘ಮೂಡಲಮನೆ’ ಥರದ ಧಾರಾವಾಹಿ, ಎಣಿಸೋಕಾಗದಷ್ಟು ಸಭೆ ಸಮಾರಂಭ. 1998ರ ದೀಪಾವಳಿಗೆ ಎಂಟು ಗಂಟೆ ಒಂದೇ ಸಮನೆ ನಿರೂಪಣೆ ಮಾಡಿದ್ದರು.

ಎಂಟು ಗಂಟೆ! ಎಂಟು ನಿಮಿಷದಲ್ಲಿ ಮಾನ ಕಳಕೊಂಡವನಿಗೆ ಆ ಲೆಕ್ಕ ಅರ್ಥವಾಗುತ್ತೆ. ನಿರೂಪಣೆ ಅಂದ್ರೆ ಚೀಟಿ ನೋಡಿ ಓದೋದು ಅಂತ ನಾನೂ ಅಂದುಕೊಂಡಿದ್ದೆ. ಅತಿಥಿಗಳ ಹೆಸರು, ಬಿರುದು, ಹುದ್ದೆ ಒಂದೂ ತಪ್ಪಬಾರದು. ಮುಖ್ಯ ಅತಿಥಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರೆ ಆ ಖಾಲಿ ಹೊತ್ತನ್ನ ಖಾಲಿ ಅನ್ನಿಸದ ಹಾಗೆ ತುಂಬಬೇಕು, ಅವರು ಬಂದ ಕೂಡಲೇ ಮಾತು ಅರ್ಧಕ್ಕೆ ಬಿಟ್ಟಿದ್ದು ಯಾರಿಗೂ ಗೊತ್ತಾಗದ ಹಾಗೆ ನಿಲ್ಲಿಸಬೇಕು. ಎಲ್ಲರನ್ನೂ ಹೊಗಳಬೇಕು, ತನ್ನ ಬಗ್ಗೆ ಒಂದು ಮಾತೂ ಆಡೋ ಹಾಗಿಲ್ಲ. ಜನ ಮನೆಗೆ ಹೋಗುವಾಗ ಹಾಡಿದವರನ್ನ ನೆನೆಸಿಕೊಂಡು ಹೋಗಬೇಕು. ಅಪರ್ಣಾ ಮೂರು ದಶಕ ಮಾಡಿದ್ದು ಈ ಕೆಲಸವನ್ನ.

ಅದಕ್ಕೇ ನನಗೆ ವರಲಕ್ಷ್ಮಿ ಇಷ್ಟು ಇಷ್ಟ.

2015ರಲ್ಲಿ ಸೃಜನ್ ಲೋಕೇಶ್ ‘ಮಜಾ ಟಾಕೀಸ್’ ಶುರು ಮಾಡಿದರು. (ಸೃಜನ್ ತಾತ ಸುಬ್ಬಯ್ಯ ನಾಯ್ಡು, 1934ರ ‘ಸತಿ ಸುಲೋಚನಾ’ದ ನಾಯಕ. ಮೂರು ತಲೆಮಾರು ಜನರ ಎದುರು ನಿಂತೇ ಅನ್ನ ತಿಂದ ಮನೆ.) ಕುರಿ ಪ್ರತಾಪ್, ಮಿಮಿಕ್ರಿ ದಯಾನಂದ್ ಥರದ ಪಳಗಿದ ಕೈಗಳ ಮಧ್ಯೆ ಒಂದು ದಿನ ಅಪರ್ಣಾ ಬಂದರು, ವರಲಕ್ಷ್ಮಿಯಾಗಿ. ಬರೀ ವರಲಕ್ಷ್ಮಿ ಅಲ್ಲ, ‘ಒನ್ ಆಂಡ್ ಓನ್ಲಿ’ ವರಲಕ್ಷ್ಮಿ! ತನ್ನ ಬಗ್ಗೆ ತಾನೇ ಬಡಾಯಿ ಕೊಚ್ಚಿಕೊಂಡು, ಉಳಿದವರಿಂದ ಕಾಲೆಳೆಸಿಕೊಂಡು, ಆದರೂ ಜಂಬ ಒಂದಿಷ್ಟೂ ಇಳಿಯದ ಹೆಂಗಸು. ಆಗ ಅವರಿಗೆ ಐವತ್ತರ ಹತ್ತಿರ. ಎರಡು ವರ್ಷ ಹಿಂದೆ ಕನ್ನಡದ ಮೊದಲ ಬಿಗ್ ಬಾಸ್ ಮನೆಗೂ ಹೋಗಿ ಬಂದಿದ್ದರು. ಆದರೆ ಅಲ್ಲಿ ಇದ್ದಿದ್ದು ಅಪರ್ಣಾನೇ. ಇಲ್ಲಿ ಹಾಗಲ್ಲ. ಮೂವತ್ತು ವರ್ಷ ಬೇರೆಯವರನ್ನ ಹೊಗಳಿದ ಬಾಯಲ್ಲಿ ಈಗ ಬರೀ ತನ್ನ ಹೊಗಳಿಕೆ.

‘ಅಂಥವರು ಇಂಥದ್ದೆಲ್ಲ ಯಾಕೆ ಮಾಡಬೇಕು?’ ಅಂತ ಮೂಗು ಮುರಿದವರನ್ನ ನಾನೇ ನೋಡಿದ್ದೀನಿ. ಅಚ್ಚುಕಟ್ಟು ಕನ್ನಡದವರು ಹಾಸ್ಯಕ್ಕೆ ಇಳಿದರು ಅನ್ನೋ ಧಾಟಿ. ಇಳಿದರು ಅನ್ನೋ ಪದಾನೇ ಸರಿ ಇಲ್ಲ. ವರಲಕ್ಷ್ಮಿ ನಗಿಸುತ್ತಿದ್ದಿದ್ದೇ ಆ ಅಚ್ಚುಕಟ್ಟಿನಿಂದ. ಸುಳ್ಳು ಬಡಾಯಿಯನ್ನ ಸ್ಪಷ್ಟ ಉಚ್ಚಾರದಲ್ಲಿ, ರಾಜ್ಯೋತ್ಸವದ ಗಾಂಭೀರ್ಯದಲ್ಲಿ ಹೇಳಿದರೆ ಅದು ಎರಡು ಪಟ್ಟು ತಮಾಷೆ. ಅಷ್ಟು ವರ್ಷ ಕಟ್ಟಿಕೊಂಡ ಮರ್ಯಾದೆಯನ್ನ ನಾಲ್ಕು ಜನ ನಗಲಿ ಅಂತ ಮುಂದೆ ತಂದಿಡೋದಕ್ಕೆ ಧೈರ್ಯ ಬೇಕು. ಒಂದು ಹಕಾರ ತಪ್ಪಿ ಜನ ನಕ್ಕಿದ್ದಕ್ಕೆ ಮೂರು ಸ್ಟೇಷನ್ನು ಮುಂದೆ ಹೋಗಿ ಕೂತವನು ನಾನು.

ತಮಾಷೆ ಅಂದ್ರೆ, ವಾರದ ಕೊನೆಗೆ ವರಲಕ್ಷ್ಮಿ ನೋಡಿ ಸೂಜಿ ಚುಚ್ಚಿಸಿಕೊಳ್ಳೋ ಅಷ್ಟು ನಗ್ತಿದ್ದ ಅಮ್ಮನಿಗೆ, ಮೆಟ್ರೋದಲ್ಲಿ ಮಾತಾಡೋದೂ ಅವರೇ ಅಂತ ಗೊತ್ತಿರಲಿಲ್ಲ. ಒಂದು ಸಲ ಚಿಕ್ಕಪೇಟೆಗೆ ಲೈನಿಂಗ್ ಬಟ್ಟೆ ತರೋಕೆ ಹೋಗಿದ್ವಿ. ವಾಪಸ್ ಬರ್ತಾ ಹೇಳಿದೆ.

“ಅಮ್ಮಾ, ಇದು ಯಾರ ವಾಯ್ಸ್ ಗೊತ್ತಾ? ವರಲಕ್ಷ್ಮಿದು.”

“ಹೋಗೋ ಸುಮ್ನೆ. ಆ ವಯ್ಯಾರಿ ಎಲ್ಲಿ, ಇವರೆಲ್ಲಿ!”

“ಅಪರ್ಣಾ ಅಮ್ಮ ಅದು. ನಿನ್ನ ದೂರದರ್ಶನದ ಅಪರ್ಣಾ.”

ಅಮ್ಮ ಮುಂದಿನ ಸ್ಟೇಷನ್ ಬರೋ ತನಕ ಮಾತಾಡಲಿಲ್ಲ. ಕಿವಿಗೊಟ್ಟು ಕೇಳಿದಳು. ಆಮೇಲೆ, “ಹೌದಲ್ವೋ. ಅದೇ ಗಂಟಲು. ಎಂಥಾ ಕಳ್ಳಿ ನೋಡು, ಮೂರು ಕಡೆ ಮೂರು ಥರ” ಅಂದಳು. ಆ ‘ಕಳ್ಳಿ’ಗಿಂತ ದೊಡ್ಡ ಪ್ರಶಸ್ತಿ ಅಮ್ಮ ಇನ್ಯಾರಿಗೂ ಕೊಟ್ಟಿದ್ದು ನನಗೆ ನೆನಪಿಲ್ಲ.

2024ರ ಜುಲೈ 11, ಗುರುವಾರ ರಾತ್ರಿ, ಅಪರ್ಣಾ ಹೋದರು. ಶ್ವಾಸಕೋಶದ ಕ್ಯಾನ್ಸರ್. ಐವತ್ತೇಳು ವಯಸ್ಸು. ಕಾಯಿಲೆ ಇದ್ದಿದ್ದೇ ನಮ್ಮಂಥವರಿಗೆ ಗೊತ್ತಿರಲಿಲ್ಲ. ಪತಿ, ಬರಹಗಾರ ನಾಗರಾಜ ವಸ್ತಾರೆ ಮಾಧ್ಯಮದ ಮುಂದೆ ನಿಂತು ಹೇಳುವಾಗ ಅಮ್ಮ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದಳು. ಉಸಿರಿನಿಂದಲೇ ಬದುಕಿದವರಿಗೆ ಶ್ವಾಸಕೋಶಕ್ಕೇ ಬಂತಲ್ಲೋ ಅಂದಳು.

ಶುಕ್ರವಾರ ಬೆಳಿಗ್ಗೆ ಎಂದಿನ ಹಾಗೆ ರೈಲು ಹತ್ತಿದೆ. ದನಿ ಬರುತ್ತೆ ಅಂತ ಗೊತ್ತಿತ್ತು, ಆದರೂ ಬಂದಾಗ ಎದೆ ಧಸಕ್ಕಂತು. ಎದುರಿಗೆ ಕೂತಿದ್ದ ಹುಡುಗಿ ಫೋನಿನಿಂದ ತಲೆ ಎತ್ತಿ ಮೇಲೆ ಸ್ಪೀಕರ್ ಕಡೆ ನೋಡಿದಳು. ಅವಳ ಫೋನಿನಲ್ಲಿ ಬಹುಶಃ ಅದೇ ಸುದ್ದಿ ಇತ್ತು. ಒಬ್ಬರನ್ನೊಬ್ಬರು ನೋಡಿದ್ವಿ, ಏನೂ ಹೇಳಲಿಲ್ಲ. ದನಿ ಮಾತ್ರ ಒಂದೊಂದೇ ಸ್ಟೇಷನ್ನಿನ ಹೆಸರು ಹೇಳಿಕೊಂಡು ಹೋಯಿತು.

ಆ ವರ್ಷ ನವೆಂಬರ್‌ನಲ್ಲಿ ಆಫೀಸಿನ ರಾಜ್ಯೋತ್ಸವಕ್ಕೆ ನಾನೇ ಹೋಗಿ ಹೆಸರು ಕೊಟ್ಟೆ. ‘ಹಾರ್ದಿಕ’ ಸರಿಯಾಗಿ ಬಂತು. ಮಧ್ಯದಲ್ಲಿ ಎರಡು ಕಡೆ ತಪ್ಪಿತು, ಜನ ನಕ್ಕರು. “ನಮ್ಮದು ಶ್ರೀರಾಂಪುರ, ಹಕಾರ ಅಲ್ಲಿ ರೇಷನ್ನಿನಲ್ಲಿ ಸಿಗುತ್ತೆ” ಅಂದೆ. ಇನ್ನೂ ಜೋರಾಗಿ ನಕ್ಕರು. ನಾನೂ ನಕ್ಕೆ.

ಹೋದ ವಾರ ಅಮ್ಮನ ಜೊತೆ ಮತ್ತೆ ಚಿಕ್ಕಪೇಟೆಗೆ ಹೋಗಿದ್ದೆ. ಸೀಟು ಸಿಕ್ಕಿತ್ತು, ಅಮ್ಮನಿಗೆ ಸಣ್ಣ ನಿದ್ದೆ ಹತ್ತಿತ್ತು. ಸಂಪಿಗೆ ರಸ್ತೆ ದಾಟಿತು. ಮುಂದಿನ ನಿಲ್ದಾಣ, ಶ್ರೀರಾಂಪುರ. ಅಮ್ಮ ಕಣ್ಣು ಬಿಟ್ಟವಳೇ ಸೆರಗು ಸರಿ ಮಾಡಿಕೊಂಡಳು. “ಆಯ್ತಮ್ಮಾ, ಇಳೀತೀವಿ” ಅಂತ ಹೇಳಿ, ಬಟ್ಟೆ ಚೀಲ ನನ್ನ ಕೈಗೆ ಕೊಟ್ಟು ಎದ್ದಳು.