ಕಂಡವರು ತುಂಬಿದ ಕಾಡತೂಸು

ಮೊದಲೇ ಹೇಳಿಬಿಡ್ತೀನಿ, ಈ ಬರಹ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಅದರಲ್ಲೂ ನಮ್ಮೂರಿನವರಿಗೆ. ಪರವಾಗಿಲ್ಲ. ನನ್ನ ವಾದ ಇಷ್ಟೇ: ಬೇರೆಯವರು ಮನೆಯಲ್ಲಿ ಕೂತು ಮರುತುಂಬಿದ ಕಾಡತೂಸನ್ನು ನಿಮ್ಮ ಬಂದೂಕಿಗೆ ಹಾಕಬೇಡಿ. ತುಂಬಿದವರು ಎಷ್ಟೇ ಬೇಕಾದವರಾಗಿರಲಿ, ಎಷ್ಟೇ ಅನುಭವಸ್ಥರಾಗಿರಲಿ.

ಸಾಫ್ಟ್‌ವೇರ್ ಬರೆಯೋ ಹುಡುಗನಿಗೆ ಬಂದೂಕಿನ ಉಸಾಬರಿ ಯಾಕಪ್ಪಾ ಅಂತ ಕೇಳಬಹುದು. ನಾನು ಸಾಣಾಪುರದವನು. ಹಂಪಿ ನೋಡೋಕೆ ಬಂದವರು ಹೊಳೆ ದಾಟಿ ಬಂದು ನಮ್ಮೂರ ಕೆರೆಯಲ್ಲಿ ಹರಿಗೋಲು ಹತ್ತಿ ಫೋಟೋ ತೆಗೆಸಿಕೊಂಡು ಹೋಗ್ತಾರೆ. ಆ ಫೋಟೋದ ಹಿಂದೆ ಕಾಣೋ ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆ, ಕಾಡುಹಂದಿ ಇವೆ. ಗುಡ್ಡದ ಬುಡದಲ್ಲಿ ನಮ್ಮ ಭತ್ತ, ಬಾಳೆ ಇವೆ. 2020ರಲ್ಲಿ ಆನೆಗೊಂದಿ ಸುತ್ತಮುತ್ತ ಚಿರತೆ ಎಷ್ಟು ಹೆದರಿಸಿತ್ತು ಅನ್ನೋದು ನಮ್ಮ ಕಡೆಯವರಿಗೆ ನೆನಪಿದ್ದೀತು. ರಾತ್ರಿ ಹೊಲ ಕಾಯೋದು ಇಲ್ಲಿ ಯಾರಿಗೂ ಶೋಕಿಯಲ್ಲ.

ಹಾಗೆ ಕಾಯುವವರಲ್ಲಿ ನಮ್ಮ ಕಾಕಾನ ಮಗನೂ ಒಬ್ಬ. ತಾತನ ಕಾಲದ ಜೋಡಿನಳಿಗೆಯ 12 ಬೋರಿನ ಬಂದೂಕು, ಲೈಸೆನ್ಸೂ ಇದೆ. ಕಾಡತೂಸು ಮಾತ್ರ ಬೇರೆ ಊರಿನ ಯಾರೋ ಒಬ್ಬರು ತುಂಬಿಕೊಟ್ಟದ್ದು. ಏನಣ್ಣಾ ಇದು ಅಂದ್ರೆ, "ಏನೂ ಆಗಂಗಿಲ್ಲ ಬಿಡೋ ತಮ್ಮಾ, ನಲವತ್ತು ವರ್ಸದಿಂದ ತುಂಬ್ತಾರ ಅವ್ರು" ಅಂತಾನೆ. ಈ ನಲವತ್ತು ವರ್ಷದ ಮೇಲೇ ನನ್ನ ಸಿಟ್ಟು.

ಸ್ವಲ್ಪ ಲೆಕ್ಕ ನೋಡೋಣ. 12 ಬೋರಿನ ಸಾಮಾನ್ಯ ಕಾಡತೂಸಿಗೆ ಅಮೆರಿಕದ ತಯಾರಕರ ಒಕ್ಕೂಟ ಹಾಕಿಕೊಂಡಿರುವ ಒತ್ತಡದ ಗರಿಷ್ಠ ಮಿತಿ 11,500 ಪಿಎಸ್‌ಐ (ಪೊಲೀಸ್ ಪಿಎಸ್‌ಐ ಅಲ್ಲ, ಚದರ ಇಂಚಿಗೆ ಪೌಂಡು :-)). ನಿಮ್ಮ ಕಾರಿನ ಟೈರಿನಲ್ಲಿ ಇರೋದು ಸುಮಾರು 32. ಅಂದ್ರೆ ಟೈರಿನ ಮುನ್ನೂರೈವತ್ತು ಪಟ್ಟು ಒತ್ತಡ, ನಿಮ್ಮ ಕಣ್ಣಿನಿಂದ ಒಂದೆರಡು ಅಡಿ ದೂರದಲ್ಲಿ. ಇದು ಎಲ್ಲ ಸರಿ ಇದ್ದಾಗಿನ ಮಾತು.

ಸರಿ ಇಲ್ಲದಿದ್ದಾಗ? ಹಳೇ ಕರಿಮದ್ದನ್ನು ಅಳತೆಯ ಚಿಪ್ಪಿನಲ್ಲಿ ತುಂಬುತ್ತಿದ್ದರು. ಈಗಿನ ಹೊಗೆರಹಿತ ಮದ್ದು ತೂಕದಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಅದರಲ್ಲೂ ಬೇಗ ಉರಿಯುವ, ನಿಧಾನ ಉರಿಯುವ ಜಾತಿಗಳಿವೆ. ನೋಡಲು ಒಂದೇ ಥರ, ಒಳಗೆ ಬೇರೆ ಬೇರೆ. ಕೈಯಳತೆ ಸ್ವಲ್ಪ ಹೆಚ್ಚಾದರೆ ಒತ್ತಡ ಸ್ವಲ್ಪ ಹೆಚ್ಚಾಗಿ ನಿಲ್ಲೋದಿಲ್ಲ, ನೆಗೆಯುತ್ತೆ. ಇನ್ನು ಪಟಾಕಿ ಮದ್ದು ಬೆರೆಸುವ ಪುಣ್ಯಾತ್ಮರ ಬಗ್ಗೆ ಏನು ಹೇಳೋದು? ಬಂದೂಕಿನ ಮದ್ದು ತಳ್ಳೋದಕ್ಕೆ, ಪಟಾಕಿ ಮದ್ದು ಒಡೆಯೋದಕ್ಕೆ. ನಳಿಗೆಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ.

ಮದ್ದು ಕಡಿಮೆಯಾದರೂ ಅಪಾಯವೇ, ಇದನ್ನು ಬಹಳ ಜನ ನಂಬೋದಿಲ್ಲ. "ಢಂ" ಅನ್ನಬೇಕಾದ್ದು "ಟುಸ್" ಅಂದಾಗ ಬತ್ತಿಯೋ ಗುಂಡೋ ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಕತ್ತಲಲ್ಲಿ, ಹಂದಿ ಎದುರಿಗಿದ್ದಾಗ, ಯಾರು ನಳಿಗೆ ಬಗ್ಗಿಸಿ ನೋಡ್ತಾರೆ? ಮುಂದಿನ ಕಾಡತೂಸು ಹಾಕಿ ಕುದುರೆ ಎಳೆದರೆ ನಳಿಗೆ ಸಿಡಿಯುತ್ತೆ. ಎಡಗೈ ಇರೋದು ಅಲ್ಲೇ.

ಬ್ರೂಸ್ ಲೀ ಗೊತ್ತಲ್ಲ, ಅವನ ಮಗ ಬ್ರ್ಯಾಂಡನ್ ಲೀ ಸತ್ತದ್ದು ಹೀಗೇ ಸಿಕ್ಕಿಕೊಂಡ ಗುಂಡಿನಿಂದ. 1993ರ ಮಾರ್ಚ್ 31, 'ದಿ ಕ್ರೋ' ಚಿತ್ರೀಕರಣ. ಕ್ಯಾಮೆರಾಗೆ ತೋರಿಸಲು ನಕಲಿ ಗುಂಡು ಬೇಕಿತ್ತು. ಸೆಟ್ಟಿನಲ್ಲಿದ್ದವರೇ ಅಸಲಿ ಗುಂಡು ಬಿಚ್ಚಿ, ಮದ್ದು ಚೆಲ್ಲಿ, ಮತ್ತೆ ಜೋಡಿಸಿದರು. ಕೇಪು ತೆಗೆಯಲಿಲ್ಲ. ಆ ಕೇಪಿನ ಬಲಕ್ಕೇ ಸೀಸ ಹೋಗಿ ನಳಿಗೆಯಲ್ಲಿ ಕೂತಿತು. ಯಾರೂ ನೋಡಲಿಲ್ಲ. ಆಮೇಲೆ ಅದೇ ರಿವಾಲ್ವರಿಗೆ ಬರೀ ಸದ್ದಿನ ಗುಂಡು ಹಾಕಿ ಹಾರಿಸಿದಾಗ ಕೂತಿದ್ದ ಸೀಸ ಎದುರಿಗಿದ್ದವನ ಹೊಟ್ಟೆಗೆ ಹೊಕ್ಕಿತು. ಅವನಿಗಾಗ 28, ಹೆಚ್ಚುಕಮ್ಮಿ ನನ್ನ ವಯಸ್ಸು. ಜೋಡಿಸಿದವರು ಒಬ್ಬರು, ಹಾರಿಸಿದವನು ಇನ್ನೊಬ್ಬ, ಸತ್ತವನು ಮತ್ತೊಬ್ಬ. ಒಳಗೆ ಏನಿದೆ ಅಂತ ಹಾರಿಸಿದವನಿಗೆ ಗೊತ್ತಿರಲಿಲ್ಲ.

ಈಗ ಎದುರುವಾದಗಳಿಗೆ ಬರೋಣ.

"ನಲವತ್ತು ವರ್ಷದಿಂದ ಏನೂ ಆಗಿಲ್ಲ." ನಮ್ಮ ಕೆಲಸದಲ್ಲೂ ಈ ಮಾತು ದಿನಾ ಕೇಳ್ತೀವಿ. ಟೆಸ್ಟ್ ಮಾಡದ ಕೋಡು ಇಷ್ಟು ದಿನ ಓಡಿದೆ ಅಂದ್ರೆ ಅದು ಸರಿ ಇದೆ ಅಂತಲ್ಲ. ನಮಗೇನೋ ಸರ್ವರ್ ಬಿದ್ದರೆ ರೀಸ್ಟಾರ್ಟ್ ಮಾಡ್ತೀವಿ, ಬೆರಳಿಗೆ ಆ ಸೌಲಭ್ಯ ಇಲ್ಲ. ಫ್ಯಾಕ್ಟರಿಯವರು ಪ್ರತಿ ಲಾಟಿನಿಂದ ಕೆಲವನ್ನು ತೆಗೆದು ಒತ್ತಡ ಅಳೆಯುತ್ತಾರೆ, ಡಬ್ಬಿ ಮೇಲೆ ಲಾಟ್ ನಂಬರು ಇರುತ್ತೆ. ಮನೆಯಲ್ಲಿ ತುಂಬಿದ್ದಕ್ಕೆ ಲಾಟ್ ಎಲ್ಲಿ? ಪ್ರತಿಯೊಂದೂ ಹೊಸ ಪ್ರಯೋಗ, ಪ್ರಯೋಗಶಾಲೆ ನಿಮ್ಮ ಹೆಗಲು. ಮೇಲಾಗಿ ಅವರ ಬಂದೂಕಿಗೆ ಸರಿಹೋದದ್ದು ನಿಮ್ಮ ತಾತನ ಬಂದೂಕಿಗೆ ಸರಿಹೋಗಬೇಕು ಅಂತೇನಿಲ್ಲ. ಎಷ್ಟೋ ಹಳೇ ಬಂದೂಕುಗಳ ಮನೆ 65 ಮಿ.ಮೀ. ಉದ್ದದ್ದು, ಈಗಿನ ಬಹಳಷ್ಟು ಕಾಡತೂಸು 70 ಮಿ.ಮೀ.ನವು. ಒಳಗೆ ಕೂರುತ್ತೆ, ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಇಲ್ಲದೆ ಒತ್ತಡ ಏರುತ್ತೆ.

"ಅಮೆರಿಕದಲ್ಲಿ ಮನೆಮನೆಯಲ್ಲೂ ತುಂಬ್ತಾರೆ." ಹೌದು, ಬಹಳ ಜನ ತುಂಬ್ತಾರೆ. ತಕ್ಕಡಿಯಲ್ಲಿ ತೂಗಿ, ಪುಸ್ತಕದ ಕೋಷ್ಟಕ ನೋಡಿ, ತಮ್ಮದೇ ಬಂದೂಕಿಗೆ ತುಂಬ್ತಾರೆ. ಅಲ್ಲಿನ ಹಳೇ ಶೂಟರುಗಳೇ ಬೇರೆಯವರು ತುಂಬಿದ್ದನ್ನು ಮುಟ್ಟಬೇಡಿ ಅಂತ ಹೊಸಬರಿಗೆ ಹೇಳೋದು. ಬಂದೂಕು ಕಂಪನಿಗಳೂ ಮರುತುಂಬಿದ್ದು ಹಾಕಿದರೆ ವಾರಂಟಿ ಇಲ್ಲ ಅಂತ ಬರೆದಿರುತ್ತವೆ.

"ಸರ್ಕಾರದ ಪರ ಮಾತಾಡ್ತೀಯಾ?" ಇಲ್ಲ ಸ್ವಾಮಿ. 1857ರಲ್ಲಿ ಹತಾರ ಕಸಿಯೋ ಕಾಯ್ದೆ ಬಂದಾಗ ಹಲಗಲಿಯ ಬೇಡರು ಎದ್ದು ನಿಂತ ನಾಡು ನಮ್ಮದು. ಮರುವರ್ಷ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಹೋರಾಡಿ ಸತ್ತದ್ದು ನಮ್ಮ ಕೊಪ್ಪಳದ ಕೋಟೆಯಲ್ಲೇ. ಬಂದೂಕು ಕೊಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ಕೈ ಉಳಿಸಿಕೊಳ್ಳಿ ಅಂತಿದ್ದೀನಿ. ಇನ್ನು ಕಾನೂನು ಕೇಳಿದ್ರೆ, 1959ರ ಆಯುಧ ಕಾಯ್ದೆಯ 5ನೇ ಕಲಮಿನಂತೆ ಮದ್ದುಗುಂಡು ತಯಾರಿಸಿ ಮಾರೋದಕ್ಕೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯಾದ ಮೇಲೆ, ಇಲ್ಲದೆ ಮಾಡಿದರೆ ಕನಿಷ್ಠ ಏಳು ವರ್ಷ ಜೈಲು. ನಲವತ್ತು ವರ್ಷದ ಅನುಭವಸ್ಥರಿಗೆ ಇದನ್ನೂ ಯಾರಾದರೂ ತಿಳಿಸಿ.

ಒಂದು ವಾದ ಮಾತ್ರ ನಿಜ: ಫ್ಯಾಕ್ಟರಿ ಕಾಡತೂಸು ದುಬಾರಿ, ಅಂಗಡಿ ದೂರ. ಪುಣೆಯ ಖಡಕಿಯಲ್ಲಿ 1869ರಿಂದ ಸರ್ಕಾರದ್ದೇ ಮದ್ದುಗುಂಡಿನ ಕಾರ್ಖಾನೆ ಇದೆ, 'ಶಕ್ತಿಮಾನ್' ಹೆಸರಿನ 12 ಬೋರಿನ ಕಾಡತೂಸು ಅಲ್ಲಿಯದೇ. ಬೆಳೆ ಕಾಯೋಕೆ ಅಂತ ರೈತನಿಗೆ ಲೈಸೆನ್ಸ್ ಕೊಡೋ ಸರ್ಕಾರ, ಆ ಡಬ್ಬಿ ತಾಲ್ಲೂಕಿನಲ್ಲೇ ನ್ಯಾಯವಾದ ಬೆಲೆಗೆ ಸಿಗೋ ಹಾಗೆ ಮಾಡಲಿ. ಹಂದಿ ತಿಂದ ಬೆಳೆಗೆ ಪರಿಹಾರ ಬೇಗ ಕೊಡಲಿ. ಜಗಳ ಆಡೋದಾದರೆ ಅದಕ್ಕೆ ಆಡೋಣ, ನಾನೂ ಬರ್ತೀನಿ.

ಅಲ್ಲಿಯವರೆಗೆ ಹೊಲ ಕಾಯುವವರಿಗೆ ಮೂರು ಮಾತು. ಸದ್ದು ಕಡಿಮೆ ಬಂತಾ, ಅಲ್ಲಿಗೇ ನಿಲ್ಲಿಸಿ, ಬಂದೂಕು ಖಾಲಿ ಮಾಡಿ ನಳಿಗೆಯಲ್ಲಿ ಬೆಳಕು ಹಾಯುತ್ತಾ ನೋಡಿ. ಹಾರಲೇ ಇಲ್ವಾ, ತಕ್ಷಣ ಬಿಚ್ಚಬೇಡಿ, ಯಾರೂ ಇಲ್ಲದ ಕಡೆ ಮುಖ ಮಾಡಿ ಅರ್ಧ ನಿಮಿಷವಾದರೂ ಹಿಡಿದಿರಿ. ಕೆಲವು ತಡವಾಗಿ ಹಾರ್ತವೆ. ಡಬ್ಬಿ ಇಲ್ಲದೆ ಚೀಲದಲ್ಲಿ ಬಂದದ್ದನ್ನು ಬಂದೂಕಿಗೆ ಹಾಕಲೇಬೇಡಿ.

ನಮ್ಮಣ್ಣ ಇನ್ನೂ ಒಪ್ಪಿಲ್ಲ. ಹಂದಿಗೆ ತಮಟೆ, ಪಟಾಕಿ ಸಾಕು, ಚೀಲ ಪೊಲೀಸರಿಗೆ ಒಪ್ಪಿಸು ಅಂದ್ರೆ ನಗ್ತಾನೆ. ನಿಮ್ಮ ಕಡೆ, ಮಲೆನಾಡು, ಕೊಡಗಿನಲ್ಲಿ ಹೇಗೆ? ಇಂಥ ಹಟಮಾರಿಗಳನ್ನು ಒಪ್ಪಿಸಿದ ಉಪಾಯ ಇದ್ದರೆ ದಯವಿಟ್ಟು ಕಾಮೆಂಟಿಸಿ. ಬೈಯೋರಿಗೂ ಸ್ವಾಗತ.