ಮಡಿಚುವ ಚಾಕುವಿಗೆ ಸಾವಿರ ಡಾಲರ್ ಕೊಡಬಹುದೇ?

ಪರ

ಚಾಕು ಇರುವುದು ಈರುಳ್ಳಿ ಹೆಚ್ಚುವುದಕ್ಕೆ ಎನ್ನುವವರ ಜೊತೆ ನನಗೆ ವಾದವಿಲ್ಲ. ಅವರಿಗೆ ಈಳಿಗೆಮಣೆ ಸಾಕು.

ಅಟ್ಲಾಂಟಾದ ಬ್ಲೇಡ್ ಶೋನಲ್ಲಿ, ಮಾಡಿದವನ ಮೇಜಿನಿಂದಲೇ 1,400 ಡಾಲರ್ ಕೊಟ್ಟು ತಂದ ಚಾಕು ಈಗ ನನ್ನ ಕೈಯಲ್ಲಿದೆ. ಮಡಿಚಿ ಬೆಳಕಿಗೆ ಹಿಡಿದರೆ ಅಲಗಿನ ಎಡಕ್ಕೆ ಎಷ್ಟು ಸಂದು ಕಾಣುತ್ತದೋ ಬಲಕ್ಕೂ ಅಷ್ಟೇ. ಹೆಬ್ಬೆರಳಲ್ಲಿ ತಳ್ಳಿದರೆ ತೆರೆದುಕೊಳ್ಳುತ್ತದೆ, ಕೊನೆಗೆ ಒಂದೇ ಒಂದು 'ಟಕ್'. ನಾನು ದುಡ್ಡು ಕೊಟ್ಟದ್ದು ಆ ಟಕ್‌ಗೆ.

ಅದು ಹುಟ್ಟುವುದು ಹೀಗೆ. ಹಿಡಿಯೊಳಗಿನ ಟೈಟಾನಿಯಂ ಪಟ್ಟಿಯಲ್ಲಿ ಸೀಳಿದ ನಾಲಗೆಯೊಂದು ಒಳಕ್ಕೆ ಬಾಗಿ, ಅಲಗಿನ ಬುಡಕ್ಕೆ ಆತು ನಿಲ್ಲುತ್ತದೆ. ಬುಡದ ಆ ಮುಖಕ್ಕೆ ಕೆಲವೇ ಡಿಗ್ರಿ ಓರೆ ಬೇಕು. ಹೆಚ್ಚಾದರೆ ನಾಲಗೆ ಜಾರಿ ಅಲಗು ಬೆರಳ ಮೇಲೆ ಬೀಳುತ್ತದೆ. ಕಡಿಮೆಯಾದರೆ ಕಚ್ಚಿಕೊಂಡು ಬಿಡುವುದೇ ಇಲ್ಲ. ಹದ ಮಾಡಿದ ಉಕ್ಕನ್ನು ಉಜ್ಜುವುದು, ಜೋಡಿಸುವುದು, ಬಿಚ್ಚುವುದು, ಮತ್ತೆ ಉಜ್ಜುವುದು. ಕೂದಲೆಳೆಯಷ್ಟು ಹೆಚ್ಚು ಸವೆದರೆ ದಿನಗಟ್ಟಲೆ ಮಾಡಿದ ಅಲಗು ಗುಜರಿಗೆ. ಆ ಗುಜರಿಯ ಬೆಲೆಯನ್ನೂ ನಾನೇ ಕೊಡುತ್ತೇನೆ, ಸಂತೋಷದಿಂದ.

ಈ ಲೈನರ್ ಲಾಕನ್ನು 1980ರ ದಶಕದ ಆರಂಭದಲ್ಲಿ ಇಂದಿನ ರೂಪಕ್ಕೆ ತಂದವನು ಮೈಕೆಲ್ ವಾಕರ್. ಈಗ ಬೀದಿಬದಿಯ ಅಗ್ಗದ ಚಾಕುವಿನಲ್ಲೂ ಅದೇ ಉಪಾಯ. ನಕಲು ಇಷ್ಟು ಹಬ್ಬಿರುವಾಗ ವಾಕರ್ ತನ್ನ ಕೈಯಾರೆ ಮಾಡಿದ್ದಕ್ಕೆ ಬೆಲೆ ಏರದೆ ಇನ್ನೇನಾಗಬೇಕು?

ಮರುಮಾರಾಟದಲ್ಲಿ ಬೆಲೆ ಬೀಳುತ್ತದಂತೆ. ಬೀಳಲಿ. ನನ್ನಲ್ಲಿರುವ ಇಪ್ಪತ್ತಮೂರರಲ್ಲಿ ಕೊಟ್ಟ ದುಡ್ಡಿಗೆ ಹೋಗುವಂಥವು ಏಳೆಂಟು ಇರಬಹುದು. ಆ ಲೆಕ್ಕ ಇಲ್ಲಿ ಯಾಕೆ?

ವಿರೋಧ

ವಿರೋಧಿಸಿ ಬರೆದುಕೊಡಿ ಎಂದು ಸಂಪಾದಕರು ಹೇಳಿದ್ದು ನಿನ್ನೆ ಸಂಜೆ. ಆದಷ್ಟು ಹೇಳುತ್ತೇನೆ.

ಬೆಲೆ ನಿಲ್ಲುವುದು ದುಡಿಮೆಯ ಮೇಲಲ್ಲ, ಸರದಿಯ ಮೇಲೆ. ಬೇಡಿಕೆಯ ತಯಾರಕರು ಪ್ರದರ್ಶನದಲ್ಲಿ ಚೀಟಿ ಎತ್ತುತ್ತಾರೆ. ಚೀಟಿ ಬಂದವನು ಮೇಜಿನ ಬೆಲೆಗೆ ಕೊಂಡು, ಹೊತ್ತು ಮುಳುಗುವುದರೊಳಗೆ ಇನ್ನೊಬ್ಬನಿಗೆ ಏರಿಸಿ ಮಾರುವುದುಂಟು. ಉಜ್ಜಿದವನಿಗೆ ಆ ಲಾಭದಲ್ಲಿ ಬಿಡಿಗಾಸೂ ಇಲ್ಲ.

ಹಿಡಿಯ ವಿಷಯ. ದಂತದ ಹಿಡಿ ಒಂದು ಕಾಲಕ್ಕೆ ಹೆಮ್ಮೆ. 2016ರಲ್ಲಿ ಅಮೆರಿಕ ಆಫ್ರಿಕಾದ ಆನೆದಂತದ ವ್ಯಾಪಾರ ಬಿಗಿ ಮಾಡಿದ ಮೇಲೆ, ದಂತ ಯಾವ ಕಾಲದಲ್ಲಿ ದೇಶದೊಳಗೆ ಬಂತು ಎಂಬ ಕಾಗದ ಹುಡುಕುವ ಪಾಡು.

ಇನ್ನು, ಲೈನರ್ ಲಾಕ್ ವಾಕರ್‌ಗಿಂತ ಹಳೆಯದು. ಅಮೆರಿಕದ ಸೈನ್ಯದ ಎಲೆಕ್ಟ್ರಿಷಿಯನ್ನರ ಟಿಎಲ್-29 ಚಾಕುವಿನಲ್ಲೂ ಅಂಥದೇ ಪಟ್ಟಿ ಇತ್ತು, ಅದರಲ್ಲಿ ತಂತಿ ಸುಲಿದರು. ಸಂಗ್ರಾಹಕನ ಚಾಕು ಒಂದು ಸೇಬು ಕೊಯ್ದರೂ ಬೆಲೆ ಕಳೆದುಕೊಳ್ಳುತ್ತದೆ.

ಯಂತ್ರದ ಮಾತು ಬಿಡುವಂತಿಲ್ಲ. ಕ್ರಿಸ್ ರೀವ್ ಕಂಪನಿ ಯಂತ್ರದಲ್ಲಿ ಮಾಡುವ ಸೆಬೆಂಜಾ ಚಾಕು ನನ್ನಲ್ಲಿದೆ. ಜುಲು ಭಾಷೆಯಲ್ಲಿ ಆ ಹೆಸರಿಗೆ ಕೆಲಸ ಎಂದೇ ಅರ್ಥ. ಎದುರಿನವರು ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆಗೆ ಬಂತು. ಅದರ ಟಕ್ ಕೂಡ ಅಷ್ಟೇ ಅಚ್ಚುಕಟ್ಟು.

ಹೆಚ್ಚುಕಡಿಮೆ ಅಷ್ಟೇ. ಗೆಳೆಯರೊಬ್ಬರ ಮನೆಯಲ್ಲಿ ಕೈಕೆಲಸದ ಚಾಕುವೊಂದನ್ನು ಕಾಫಿ ಆರುವವರೆಗೂ ತೆರೆದು ಮಡಿಚುತ್ತ ಕೂತಿದ್ದೆ, ವ್ಯತ್ಯಾಸ ಗೊತ್ತಾಯಿತು. ಅದನ್ನು ಮಾಡಿದವರ ಸರದಿ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಮುಂಗಡ ಮಾತ್ರ ಕೊಟ್ಟಿಲ್ಲ.